ಎತ್ತರದಿಂದ ಕಾಣದ್ದು

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಲಿಬರೇಟರ್ ಬಾಂಬರು ವಿಮಾನಗಳನ್ನು ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯ ಕೆಲಸಗಾರರು ದುರಸ್ತಿ ಮಾಡಿದರು. 1948ರಿಂದ 1968ರವರೆಗೆ ಅವು ನಮ್ಮ ವಾಯುಸೇನೆಯಲ್ಲಿದ್ದವು. ಇದನ್ನು ಓದಿದಾಗ ಕನ್ನಡಿಗನಾದ ನನ್ನ ಎದೆಯುಬ್ಬಿತು. ಬಾಂಬರು ವಿಮಾನದ ಚರಿತ್ರೆಯನ್ನೆಲ್ಲ ತಿಳಿಯಬೇಕೆಂದು ಪುಸ್ತಕ ಭಂಡಾರದಲ್ಲಿ ಹುಡುಕತೊಡಗಿದೆ.

ರೈಟ್ ಸಹೋದರರು ಆಕಾಶಕ್ಕೇರಿದ್ದು 1903ರಲ್ಲಿ. ಎಂಟು ವರ್ಷ ತುಂಬುವ ಮೊದಲೇ ಮಾನವನು ಮೇಲಿನಿಂದ ಬಾಂಬು ಹಾಕುವುದನ್ನು ಕಲಿತನು. 1911ರ ನವೆಂಬರ್ 1ರಂದು ಇಟಲಿಯ ಜೂಲಿಯೊ ಗವೊತ್ತಿ ಎಂಬ ಅಧಿಕಾರಿಯು ಲಿಬಿಯದ ಟ್ರಿಪೋಲಿಯ ಬಳಿ ಶತ್ರುಗಳ ಬೀಡಿನ ಮೇಲೆ ಹಾರುತ್ತ, ಸುಮಾರು 2 ಕಿಲೋ ತೂಕದ ಬಾಂಬುಗಳನ್ನು ಕೈಯಿಂದಲೇ ಎಸೆದನು. 1917ರ ಜೂನ್ 13ರಂದು ಜರ್ಮನಿಯ ಗೋಥಾ ವಿಮಾನಗಳು ಹಾಡುಹಗಲಲ್ಲೇ ಲಂಡನ್ನಿನ ಮೇಲೆ ಬಂದವು. 162 ಮಂದಿ ಸತ್ತರು. ಅವರಲ್ಲಿ 18 ಮಕ್ಕಳು ಒಂದೇ ಶಾಲೆಯವರು.

ಮುಂದೆ ವಿಮಾನಕ್ಕೆ ನಾಲ್ಕು ಎಂಜಿನುಗಳು ಬಂದವು. ಕೈಯ ಕೆಲಸವನ್ನು ಸನ್ನೆಗೋಲು ಮಾಡಿತು. ಕಣ್ಣಿಗೆ ಗುರಿಯಂತ್ರ ನೆರವಾಯಿತು. ಅಮೆರಿಕದ ಬಿ-29 ವಿಮಾನದಲ್ಲಿ, ಎತ್ತರದಲ್ಲೂ ಉಸಿರುಕಟ್ಟದಂತೆ ಗಾಳಿಯ ಒತ್ತಡವನ್ನು ಕಾಯ್ದಿಡುವ ಕೋಣೆಗಳಿದ್ದವು. 1945ರ ಆಗಸ್ಟ್ 6ರ ಬೆಳಿಗ್ಗೆ 8-15ಕ್ಕೆ, 9 ಕಿಲೋಮೀಟರಿಗೂ ಮೇಲಿನಿಂದ ಅಂತಹ ಒಂದು ವಿಮಾನವು ಹಿರೋಷಿಮದ ಮೇಲೆ ನಾಲ್ಕು ಟನ್ನಿಗೂ ಮಿಕ್ಕ ಭಾರದ ಒಂದೇ ಒಂದು ಬಾಂಬನ್ನು ಹಾಕಿತು. ಆ ವರ್ಷ ಮುಗಿಯುವುದರೊಳಗೆ ಸತ್ತವರು ಸುಮಾರು 1,40,000 ಎಂದು ಅಂದಾಜು. ಗವೊತ್ತಿಯ ಕೈಯಿಂದ ಇಲ್ಲಿಗೆ ಮೂವತ್ತನಾಲ್ಕೇ ವರ್ಷ!

ಮೇಲಿದ್ದವರೂ ರಾಕ್ಷಸರೇನಲ್ಲ. ಆ ಯುದ್ಧದಲ್ಲಿ ಬ್ರಿಟನ್ನಿನ ಬಾಂಬರು ಪಡೆಯಲ್ಲಿ ಹಾರಿದ ಸುಮಾರು 1,25,000 ಮಂದಿಯಲ್ಲಿ 55,573 ಮಂದಿ ಮಡಿದರು. ಅವರಲ್ಲಿ ನಮ್ಮ ವಯಸ್ಸಿನವರು ಎಷ್ಟೋ ಮಂದಿ.

ರಜೆಯಲ್ಲಿ ಊರಿಗೆ ಹೋದಾಗ ಇದನ್ನೆಲ್ಲ ಅವ್ವನಿಗೆ ಹೇಳಿದೆ. ಅವಳು ಓದಿದವಳಲ್ಲ, ಹೆಬ್ಬೆಟ್ಟು ಒತ್ತುವವಳು. ರಾಗಿ ಕೇರುತ್ತಲೇ ಕೇಳಿದಳು:

"ಮೇಲಿದ್ದೋರ್ಗೆ ಕೆಳಗೆ ಯಾರವ್ರೆ ಅಂತ ಕಾಣಾಕಿಲ್ವೇನಪ್ಪ?"

"ಊರು ಕಾಣ್ತದವ್ವ, ಜನ ಕಾಣಾಕಿಲ್ಲ."

"ಹಂಗಾದ್ರೆ ಅದ್ಕೇ ಕೈ ಬಂದದೆ, ಬುಡು."

ನಾನು ಓದಿದ ಪುಸ್ತಕಗಳಲ್ಲಿ ವೇಗ, ಎತ್ತರ, ಭಾರಗಳ ಕೋಷ್ಟಕಗಳಿದ್ದವು. ಅವ್ವ ಕೇಳಿದ್ದಕ್ಕೆ ಅವುಗಳಲ್ಲಿ ಜಾಗವಿರಲಿಲ್ಲ. ಇಂದಂತೂ ಉಪಗ್ರಹದ ನೆರವಿನಿಂದ ಬಾಂಬು ತನ್ನ ಗುರಿಯನ್ನು ತಾನೇ ಸೇರುತ್ತದೆ. ಕೆಳಗೆ ನೋಡುವ ಅಗತ್ಯವೂ ಉಳಿದಿಲ್ಲ.

ದೇಶಕ್ಕೆ ರಕ್ಷಣೆ ಬೇಡವೆಂದು ನಾನು ಹೇಳಲಾರೆ. ಆದರೆ ಮಿತ್ರರೇ, ನಾವೂ ಒಂದು ಬಗೆಯ ಎತ್ತರಕ್ಕೆ ಏರುತ್ತಿರುವವರು. ನನ್ನ ಮನೆಯಲ್ಲಿ ಪದವಿಯ ಮೆಟ್ಟಿಲು ಹತ್ತುತ್ತಿರುವವನು ನಾನೇ ಮೊದಲಿಗ. ನಾಳೆ ನಮ್ಮಲ್ಲಿ ಹಲವರು ಕಚೇರಿಗಳಲ್ಲಿ ಕುಳಿತು ಕಾಗದಗಳಿಗೆ ರುಜು ಹಾಕುತ್ತೇವೆ. ಆ ರುಜು ಯಾವ ಹಳ್ಳಿಯಲ್ಲಿ, ಯಾರ ತಲೆಯ ಮೇಲೆ ಬೀಳುವುದೋ! ಊರಷ್ಟೇ ಕಂಡರೆ ಸಾಲದು. ನಮಗೆ ಜನವೂ ಕಾಣಬೇಕು.