ಮೂಕಾಕ್ಷರದ ವಂಶಾವಳಿ

ಇಂಗ್ಲಿಷಿನಲ್ಲಿ ರಾತ್ರಿಯೂ ‘ನೈಟ್’, ಕುದುರೆಯೇರಿದ ವೀರನೂ ‘ನೈಟ್’. ಕಿವಿಗೆ ಎರಡೂ ಒಂದೇ; ಕನ್ನಡ ಲಿಪಿಯಲ್ಲಿ ಬರೆದರಂತೂ ಕಣ್ಣಿಗೂ ಒಂದೇ. ಇಂಗ್ಲಿಷ್ ಬರಹದಲ್ಲಿ ಮಾತ್ರ ವೀರನ ಮುಂದೆ ‘ಕೆ’ ಎಂಬ ಅಕ್ಷರವೊಂದು ಮೌನವಾಗಿ ನಿಂತಿರುತ್ತದೆ. ಅದನ್ನು ಮರೆತ ಬಾಲಕನ ಉತ್ತರಪತ್ರಿಕೆಯ ಮೇಲೆ ಕೆಂಪು ಗೆರೆ ಬೀಳುತ್ತದೆ. ನುಡಿಯದ ಅಕ್ಷರಕ್ಕೆ ಇಷ್ಟು ಮರ್ಯಾದೆಯೇಕೆಂದು ಅವನು ಕೇಳಿದರೆ ತಪ್ಪಲ್ಲ.

ಆದರೆ ಆ ಅಕ್ಷರ ಹುಟ್ಟುಮೂಗನಲ್ಲ. 14ನೆಯ ಶತಮಾನದಲ್ಲಿ, ಚಾಸರ್ ಕವಿಯ ಕಾಲದಲ್ಲಿ, ಅದು ಸ್ಪಷ್ಟವಾಗಿ ನುಡಿಯುತ್ತಿತ್ತು. ಸುಮಾರು 17ನೆಯ ಶತಮಾನದ ಕೊನೆಗೆ ಅದರ ದನಿಯಡಗಿತು. ಚಾಸರನಿಗೂ ಬಹು ಹಿಂದೆ ಆ ಪದಕ್ಕೆ ಹುಡುಗ, ಸೇವಕ ಎಂಬ ಅರ್ಥಗಳಿದ್ದುವು. ಸೇವಕನೇ ಮುಂದೆ ಪ್ರಭುವಿನ ಯೋಧನಾಗಿ ಮಾನ್ಯನಾದನು. ನಾಲಿಗೆ ಮರೆತ ಈ ವಂಶಾವಳಿಯನ್ನು ಬರಹವು ಕಾಯ್ದಿಟ್ಟಿದೆ. ಕೆಂಪು ಗೆರೆಯೊಡನೆ ಈ ಕತೆಯೂ ದೊರೆತರೆ ಬಾಲಕನು ಆ ‘ಕೆ’ಯನ್ನು ಮತ್ತೆ ಮರೆಯಲಾರನು.