ಸಾಲು ತಪ್ಪಿದ ಹುಡುಗಿ

31 ವರ್ಷ ಹೈಸ್ಕೂಲ್ ಮೇಷ್ಟ್ರಾಗಿದ್ದವನು ನಾನು. ಆಗಸ್ಟ್ ಹದಿನೈದು, ಜನವರಿ ಇಪ್ಪತ್ತಾರು ಬಂತೆಂದರೆ ತಾಲ್ಲೂಕು ಮೈದಾನದಲ್ಲಿ ನಮ್ಮ ಶಾಲೆಯ ಮಕ್ಕಳನ್ನು ನಡೆಸುವ ಹೊಣೆ ನನ್ನದು. ಎರಡು ವಾರ ಮೊದಲೇ ತಾಲೀಮು ಶುರುವಾಗುತ್ತಿತ್ತು. ಸಾಲು ಒಂದಿಷ್ಟು ಸೊಟ್ಟಗಾದರೂ ಆ ದಿನ ನನಗೆ ಊಟ ಸೇರುತ್ತಿರಲಿಲ್ಲ.

ನಿವೃತ್ತನಾದ ಮೇಲೆ ಮಗನ ಮನೆಗೆಂದು ಓಸ್ಲೋಗೆ ಹೋಗಿದ್ದೆ. ಅಲ್ಲಿದ್ದಾಗಲೇ ಮೇ 17 ಬಂತು, ನಾರ್ವೆಯವರ ರಾಷ್ಟ್ರೀಯ ದಿನ. ಮೇಷ್ಟ್ರ ಅಭ್ಯಾಸ, ಮೊದಲೇ ಓದಿಕೊಂಡಿದ್ದೆ. 1814ರಲ್ಲಿ ಡೆನ್ಮಾರ್ಕಿನ ರಾಜ ಯುದ್ಧದಲ್ಲಿ ಸೋತು ನಾರ್ವೆಯನ್ನು ಸ್ವೀಡನ್ನಿಗೆ ಬಿಟ್ಟುಕೊಟ್ಟಾಗ, ಐಡ್ಸ್‌ವೋಲ್ ಎಂಬಲ್ಲಿ 112 ಮಂದಿ ಸೇರಿ ತಮ್ಮದೇ ಸಂವಿಧಾನ ಬರೆದರು. ಸ್ವೀಡನ್ನಿನ ನಂಟು ಕಳಚಿದ್ದು ಮಾತ್ರ 1905ರಲ್ಲಿ. ಇಷ್ಟು ಕಾದವರ ಪಥಸಂಚಲನ ಹೇಗಿದ್ದೀತು ಎಂದು ಬೆಳಗಿನಿಂದಲೇ ತವಕ.

ಕಾರ್ಲ್ ಯೋಹಾನ್ ರಸ್ತೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೆಂಗಸರು ಗಂಡಸರೆಲ್ಲ ಬುನಾದ್ ತೊಟ್ಟಿದ್ದರು. ಉಣ್ಣೆಯ ಉಡುಪು, ಮೇಲೆ ಕಸೂತಿ, ಬೆಳ್ಳಿಯ ಒಡವೆ. ಒಂದೊಂದು ಸೀಮೆಗೆ ಒಂದೊಂದು ಬಗೆ. ಸೆರಗು ನೋಡಿ ಇಳಕಲ್ ಸೀರೆ ಎಂದು ನಾವು ಗುರುತಿಸುವ ಹಾಗೆ, ಬಲ್ಲವರು ಅದನ್ನು ನೋಡಿ ಸೀಮೆ ಹೇಳುತ್ತಾರೆ.

ಆಮೇಲೆ ಮಕ್ಕಳು ಬಂದರು. ಶಾಲೆಗೊಂದು ಬಾವುಟ, ನಡುನಡುವೆ ಬ್ಯಾಂಡು. ಟ್ಯಾಂಕಿಲ್ಲ, ಫಿರಂಗಿಯಿಲ್ಲ. ಮಕ್ಕಳ ಹೆಜ್ಜೆಗೆ ಹೆಜ್ಜೆ ಕೂಡುತ್ತಿರಲಿಲ್ಲ. ಒಬ್ಬ ಬಗ್ಗಿ ಶೂ ಲೇಸು ಕಟ್ಟುತ್ತಿದ್ದ, ಇಬ್ಬರು ಹರಟುತ್ತಿದ್ದರು. ನನಗೆ ಕೈಕಾಲು ಆಡದಂತಾಯಿತು. “ಇವರಿಗೆ ಯಾರೂ ಹೇಳಿಕೊಟ್ಟಿಲ್ವೇನೋ?” ಎಂದು ಮಗನನ್ನು ಎರಡು ಸಲ ಕೇಳಿದೆ.

ಅಷ್ಟರಲ್ಲಿ ಏಳೆಂಟು ವರ್ಷದ ಹುಡುಗಿಯೊಬ್ಬಳು ಸಾಲು ಬಿಟ್ಟು ನಮ್ಮ ಕಡೆಗೇ ಓಡಿ ಬಂದಳು. ನಾನು ಯೋಚಿಸಲೇ ಇಲ್ಲ. ಎರಡೂ ಕೈಯಿಂದ ಅವಳ ಭುಜ ಹಿಡಿದು, ರಸ್ತೆಯ ಕಡೆ ತಿರುಗಿಸಿ, “ಸಾಲು! ಸಾಲು!” ಎಂದು ಗದರಿದೆ. ಕನ್ನಡದಲ್ಲಿ, ನನ್ನ ಮೈದಾನದ ದನಿಯಲ್ಲಿ.

ಹುಡುಗಿಯ ಕೈಯಿಂದ ಬಾವುಟ ನೆಲಕ್ಕೆ ಬಿತ್ತು. ಅವಳು ಅಳಲಿಲ್ಲ. ನನ್ನ ಪಕ್ಕದಲ್ಲಿದ್ದ ಮುದುಕಿಯ ಕಡೆ ನೋಡಿದಳು. ಅವಳ ಅಜ್ಜಿ. ಅಜ್ಜಿಯನ್ನು ಕಂಡೇ ಓಡಿ ಬಂದಿದ್ದಳು. ಆಕೆ ಏನೂ ಅನ್ನದೆ ನನ್ನ ಕೈಗಳನ್ನೇ ನೋಡುತ್ತಿದ್ದರು. “ಅಪ್ಪ, ಕೈ ತೆಗೀರಿ,” ಎಂದ ಮಗನ ದನಿ ನಡುಗುತ್ತಿತ್ತು. ಅವನು ಅವರ ಭಾಷೆಯಲ್ಲಿ ಕ್ಷಮೆ ಕೇಳುತ್ತಿದ್ದರೆ ನಾನು ಪಕ್ಕದಲ್ಲಿ ಮೂಗನಂತೆ ನಿಂತಿದ್ದೆ. ಮಗುವಿನ ಟೀಚರ್ ಬಂದವರು ಗದರಲಿಲ್ಲ, ಅವಸರಿಸಲಿಲ್ಲ. ಅಜ್ಜಿ ಮೊಮ್ಮಗಳು ತಬ್ಬಿಕೊಂಡು ಮುಗಿಯುವವರೆಗೆ ಕಾದು, ಬಾವುಟ ಎತ್ತಿಕೊಟ್ಟು, ಕೈ ಹಿಡಿದು ಕರೆದುಕೊಂಡು ಹೋದರು. ಅಜ್ಜಿ ನಾಲ್ಕು ಹೆಜ್ಜೆ ದೂರ ಸರಿದು ನಿಂತರು.

ಅರಮನೆಯ ಕಡೆ ನಡೆಯುವಾಗ ಮಗ ನನ್ನನ್ನು ಸಮಾಧಾನಪಡಿಸಲೆಂದೇ ಆ ಮೆರವಣಿಗೆಯ ಕಥೆ ಹೇಳಿದ. ಕವಿ ಬ್ಯೋರ್ನ್‌ಸನ್ ಮುಂದೆ ನಿಂತು 1870ರಲ್ಲಿ ಅದನ್ನು ಶುರುಮಾಡಿದಾಗ ಬರೀ ಗಂಡುಮಕ್ಕಳಿದ್ದರು. ಹೆಣ್ಣುಮಕ್ಕಳು ಸೇರಿದ್ದು 1889ರಲ್ಲಿ. ಅಂಥ ಸಾಲಿನಿಂದ ಖುಷಿಗೆಂದು ಒಂದು ಗಳಿಗೆ ಹೊರಗೆ ಬಂದವಳನ್ನು ನಾನು ಹಿಡಿದು ತಳ್ಳಿದ್ದೆ. ಸಮಾಧಾನ ಎಲ್ಲಿಂದ ಬಂದೀತು?

ಅರಮನೆಯ ಮಹಡಿಯಲ್ಲಿ ರಾಜಮನೆತನದವರು ನಿಂತು ಕೈ ಬೀಸುತ್ತಿದ್ದರು. ಶಾಲೆಯ ಮೇಲೆ ಶಾಲೆ ಬರುತ್ತಲೇ ಇತ್ತು. ಅಲ್ಲಿ ದೊಡ್ಡವರು ನಿಂತಿದ್ದರು, ಮಕ್ಕಳು ತಮ್ಮ ಪಾಡಿಗೆ ಹಾದು ಹೋಗುತ್ತಿದ್ದರು. ನಮ್ಮ ಮೈದಾನದಲ್ಲಿ ಮುಖ್ಯ ಅತಿಥಿಗಳು ಬರುವವರೆಗೆ ಬಿಸಿಲಿಗೆ ನಿಲ್ಲುತ್ತಿದ್ದವರು ಮಕ್ಕಳು. ತಲೆಸುತ್ತಿ ಬಿದ್ದವರನ್ನು ನೆರಳಿಗೆ ಎತ್ತಿ ಹಾಕಿ, ಖಾಲಿ ಜಾಗಕ್ಕೆ ಬೇರೆಯವರನ್ನು ನಿಲ್ಲಿಸುತ್ತಿದ್ದವನು ನಾನೇ.

ಅಲ್ಲೇ ಒಬ್ಬ ಹುಡುಗ ನೆನಪಾದ. ಎಂಟನೇ ತರಗತಿ. ಅವನ ತಾಯಿ ಆ ದಿನದ ಕೂಲಿ ಬಿಟ್ಟು ಮಗನನ್ನು ನೋಡಲು ಬಂದು ಬೇಲಿಯಾಚೆ ನಿಂತಿದ್ದಳು. ಅವಳನ್ನು ಕಂಡು ಅವನು ಸಾಲಿನಿಂದಲೇ ಕೈ ಎತ್ತಿದ. ಮಧ್ಯಾಹ್ನ ಅವನನ್ನು ಆಫೀಸಿನ ಹೊರಗೆ ನಿಲ್ಲಿಸಿದೆ. ಎಲ್ಲರಿಗೂ ಹಂಚಿದ ಲಾಡು ಅವನಿಗೆ ಕೊಡಲಿಲ್ಲ. ತಾಯಿ ಗೇಟಿನ ತನಕ ಬಂದು, ನೋಡಿ, ತಲೆ ತಗ್ಗಿಸಿ ಹೋದಳು.

ಊರಿಗೆ ಬಂದ ಮೇಲೆ ಶಾಲೆಗೆ ಹೋಗಿ ಹಳೆಯ ಹಾಜರಿ ಪುಸ್ತಕ ತೆಗೆಸಿದೆ. ಯಾವ ವರ್ಷವೆಂದು ಗೊತ್ತಿಲ್ಲದೆ ಆರು ವರ್ಷದ ಹೆಸರುಗಳನ್ನು ಒಂದೊಂದಾಗಿ ಓದಿದೆ. ಮುಖ ಕಣ್ಣಿಗೆ ಕಟ್ಟಿದಂತಿದೆ. ಹೆಸರು ಸಿಗಲಿಲ್ಲ.