ಡೇರೆಗಳ ಊರಿನ ಇನ್ಶೂರೆನ್ಸ್ ಕವಿ

ನ್ಯೂಜೆರ್ಸಿಯ ಕರಾವಳಿ ರೈಲಿನಿಂದ ಆಸ್ಬರಿ ಪಾರ್ಕ್‌ನಲ್ಲಿ ಇಳಿದು, ವೆಸ್ಲಿ ಸರೋವರದ ಆಚೆ ದಡಕ್ಕೆ ದಾಟಿದರೆ ಓಷನ್ ಗ್ರೋವ್. ಊರೊಳಗೆ ಕಾಲಿಟ್ಟವನು ನಿಂತೇಬಿಟ್ಟೆ. ಬೀದಿಯುದ್ದಕ್ಕೂ ಡೇರೆಗಳು! ಅಮೆರಿಕದಲ್ಲಿ, ಈ ಕಾಲದಲ್ಲಿ! ಮುಂದೆ ಬಟ್ಟೆಯ ಚಾವಣಿ, ಹೂಕುಂಡ, ತೂಗುಕುರ್ಚಿ. ಹಿಂದೆ ಅಡುಗೆಮನೆ, ಬಚ್ಚಲಿರುವ ಪುಟ್ಟ ಮರದ ಗೂಡು. ಇಂಥವು 114. ಮೇ ತಿಂಗಳಲ್ಲಿ ಏಳುತ್ತವೆ, ಸೆಪ್ಟೆಂಬರ್‌ನಲ್ಲಿ ಮಡಚಿಕೊಳ್ಳುತ್ತವೆ. 1869ರಲ್ಲಿ ಮೆಥಡಿಸ್ಟ್ ಪಂಥದ ಕ್ರೈಸ್ತರು ಪ್ರಾರ್ಥನಾ ಶಿಬಿರಕ್ಕೆಂದು ಈ ಊರು ಕಟ್ಟಿದರು; ಶಿಬಿರ ಇನ್ನೂ ಮುಗಿದಿಲ್ಲ, ಅಷ್ಟೆ. 1970ರ ದಶಕದ ಕೊನೆಯವರೆಗೂ ಭಾನುವಾರ ಇಲ್ಲಿ ಕಾರು ಓಡಿಸುವಂತಿರಲಿಲ್ಲವಂತೆ.

ಡೇರೆಗಳು ಸುತ್ತುವರಿದಿರುವುದು 1894ರ ಗ್ರೇಟ್ ಆಡಿಟೋರಿಯಂ ಅನ್ನು. ಸಾವಿರಾರು ಜನ ಕೂರಬಲ್ಲ ಮರದ ಸಭಾಂಗಣ, 1908ರ ಪೈಪ್ ಆರ್ಗನ್. ಇಷ್ಟು ಮರದ ನಡುವೆ ‘ಗ್ರೇಟ್ ಈಸ್ ದೈ ಫೇತ್‌ಫುಲ್‌ನೆಸ್’ ಎಂಬ ಕ್ರೈಸ್ತ ಸ್ತೋತ್ರ ಮೊಳಗಿದರೆ!

ನನ್ನನ್ನು ಇಲ್ಲಿಗೆ ಎಳೆದದ್ದು ಆ ಹಾಡೇ. ಬರೆದ ಥಾಮಸ್ ಚಿಸಮ್ ಹುಟ್ಟಿದ್ದು 1866ರಲ್ಲಿ, ಕೆಂಟಕಿಯ ಫ್ರಾಂಕ್ಲಿನ್‌ನಲ್ಲಿ, ಮರದ ದಿಮ್ಮಿಗಳ ಮನೆಯಲ್ಲಿ. 16ಕ್ಕೇ ತಾವು ಕಲಿತ ಶಾಲೆಗೇ ಮೇಷ್ಟ್ರು, ಆಮೇಲೆ ಪತ್ರಿಕೆಯ ಕೆಲಸ. ಪಾದ್ರಿಯಾದರು, ಆರೋಗ್ಯ ಬಿಡಲಿಲ್ಲ. ಕಡೆಗೆ ಇನ್ಶೂರೆನ್ಸ್ ಏಜೆಂಟ್. ನಾಳೆ ಏನಾಗುವುದೋ ಎಂಬ ಅಳುಕಿಗೆ ಪಾಲಿಸಿ ಮಾರುತ್ತಿದ್ದ ಮನುಷ್ಯ, ನಾಳೆಯೂ ಕೃಪೆ ತಪ್ಪದು ಎಂದು ಬರೆದರಲ್ಲ!

ಹೆಸರಾಂತ ಸ್ತೋತ್ರಗಳ ಹಿಂದೆ ಹಡಗು ಮುಳುಗಿದ, ಮಕ್ಕಳನ್ನು ಕಳೆದುಕೊಂಡ ಕಥೆಗಳಿರುತ್ತವೆ. 1923ರ ಈ ಹಾಡಿಗೆ ಅಂಥದ್ದೇನೂ ಇಲ್ಲ. ಬೇಸಗೆ ಕಳೆದು ಚಳಿ ಬರುತ್ತದೆ, ಬೆಳಗಾಗುತ್ತದೆ, ಅದಕ್ಕೇ ಸ್ತುತಿ. ನನಗಂತೂ ಪವಾಡಕ್ಕಿಂತ ಇದೇ ದೊಡ್ಡದು. ಹಾಡಿನ ಬೇರು ಮಾತ್ರ ಬೈಬಲಿನ ‘ಪ್ರಲಾಪಗಳು’ ಗ್ರಂಥದಲ್ಲಿದೆ: ಜೆರೂಸಲೇಮ್ ಹಾಳಾದ ಗೋಳಿನ ನಟ್ಟನಡುವೆ, ಮೂರನೇ ಅಧ್ಯಾಯದ ಭರವಸೆಯ ಮಾತುಗಳಲ್ಲಿ.

ರಾಗ ಹಾಕಿದವರು ವಿಲಿಯಂ ರನ್ಯನ್. ಶಿಕಾಗೋದ ಮೂಡಿ ಬೈಬಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಹಾಡು ಬೇರೂರಿತು. 1954ರಲ್ಲಿ ಲಂಡನ್ನಿನಲ್ಲಿ ಧರ್ಮಪ್ರಚಾರಕ ಬಿಲ್ಲಿ ಗ್ರಹಾಂ ಸಭೆಗಳಲ್ಲಿ ಗಾಯಕ ಜಾರ್ಜ್ ಬೆವರ್ಲಿ ಶೇ ಹಾಡಿದ ಮೇಲೆ ಬ್ರಿಟನ್ ಕೂಡ ಅದನ್ನು ತನ್ನದಾಗಿಸಿಕೊಂಡಿತು. ಆ ಹೊತ್ತಿಗೆ ಎಂಬತ್ತು ದಾಟಿದ್ದ ಚಿಸಮ್ ಇದೇ ಊರಿನ ಮೆಥಡಿಸ್ಟ್ ವೃದ್ಧಾಶ್ರಮ ಸೇರಿದ್ದರು, 1960ರಲ್ಲಿ ತೀರಿಕೊಂಡರು. ಬರೆದದ್ದು 1,200ರಷ್ಟು ಕವಿತೆ.

ಡೇರೆಯೊಂದರ ಮುಂದೆ ಕೂತಿದ್ದ ಅಜ್ಜಿಗೆ ಆ ಹಾಡು ಪೂರ್ತಿ ಬಾಯಿಪಾಠ. ಕವಿ ಇಲ್ಲೇ ಬಾಳಿದ್ದರು ಎಂದೆ. ಕುರ್ಚಿ ತೂಗುವುದು ಬಿಟ್ಟು, “ಹೌದಾ! ಯಾವ ಬೀದಿಯಲ್ಲಿ?” ಎಂದು ನನ್ನನ್ನೇ ಕೇಳಿದರು.